ಹಗಲು ಮಲಗುವ ಟೊಮೆಟೊ ಗಿಡಗಳು

ಮಧ್ಯಾಹ್ನದ ಹೊತ್ತು ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವಂತಿಲ್ಲ.

ಕಾರಣ ಹೇಳಿದರೆ ನೀವು ನಗಬಹುದು. ಹಿಂದಿನ ಸಾಮಾನು ಕೋಣೆಯಲ್ಲಿ ಆರು ಟೊಮೆಟೊ ಗಿಡಗಳು ಮಲಗಿರುತ್ತವೆ.

ಮೊನ್ನೆ ಒಂದು ಭಾನುವಾರ ನಾನು ಒಲೆಯ ಮೇಲೆ ಕುಕ್ಕರ್ ಇಟ್ಟಿದ್ದೆ. ಎರಡನೆಯ ಸೀಟಿಗೇ ಅವ್ವ ಬಂದು ಗ್ಯಾಸ್ ಆರಿಸಿದಳು. ತುಟಿಯ ಮೇಲೆ ಬೆರಳಿಟ್ಟು, ಮುಚ್ಚಿದ ಬಾಗಿಲಿನ ಕಡೆಗೆ ಕಣ್ಣು ಹೊರಳಿಸಿದಳು. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಗಿಡಕ್ಕೆ ಕಿವಿ ಇರುವುದಿಲ್ಲವೆಂದು ಆಧಾರಸಮೇತ ವಾದಿಸಬಹುದಿತ್ತು. ವಾದಿಸಲಿಲ್ಲ. ಅರೆಬೆಂದ ಬೇಳೆಯ ಸಾರನ್ನು ಇಬ್ಬರೂ ಸದ್ದಿಲ್ಲದೆ ಉಂಡೆವು.

(ಪತ್ರಿಕೆಯಲ್ಲಿ ಬರೆಯುವಾಗ ‘ನಮ್ಮ ತಾಯಿಯವರು’ ಎನ್ನುವುದೇ ಸರಿಯಾದ ಕ್ರಮವೇನೋ. ಎರಡು ಸಲ ಹಾಗೆ ಬರೆದು ಹೊಡೆದುಹಾಕಿದೆ. ಅವರು ಬೇರೆ ಯಾರೋ ಎನ್ನಿಸಿತು.)

ಟೊಮೆಟೊ ಗಿಡಗಳು ಮನೆಯೊಳಗೇಕೆ ಬಂದವು? ಬಂದ ಮೇಲೆ ಹಗಲೇಕೆ ಮಲಗುತ್ತವೆ? ಮೊದಲಿನಿಂದ ಹೇಳುತ್ತೇನೆ.

ದೊಡ್ಡೇರಿ ಕಡೆಯ ನಮ್ಮೂರಿನಲ್ಲಿ ನನ್ನ ಸೋದರಮಾವನ ಟೊಮೆಟೊ ಹೊಲವಿದೆ. ಅಪ್ಪ ತೀರಿಕೊಂಡಂದಿನಿಂದ ಅವ್ವ ಆ ಹೊಲದಲ್ಲಿ ದುಡಿದೇ ನನ್ನನ್ನು ಓದಿಸಿದಳು. ಸಸಿ ನೆಡುವುದು, ಕೋಲು ಹುಗಿದು ಗಿಡ ಕಟ್ಟುವುದು, ಹಣ್ಣು ಬಿಡಿಸಿ ಕ್ರೇಟಿಗೆ ತುಂಬುವುದು. ಸಂಜೆ ಮನೆಗೆ ಬಂದಾಗ ಅವಳ ಅಂಗೈ ಹಸಿರುಗಪ್ಪಾಗಿರುತ್ತಿತ್ತು. ಆ ಬಣ್ಣ ಸೋಪಿಗೆ ಹೋಗುತ್ತಿರಲಿಲ್ಲ. ಒಂದು ಹಣ್ಣನ್ನೇ ಹಿಸುಕಿ ತಿಕ್ಕಿಕೊಳ್ಳುತ್ತಿದ್ದಳು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಆ ಪದವಿಗೆ ಎಷ್ಟು ಬಿಸಿಲು ಬಿದ್ದಿದೆ ಎಂಬುದು ನನಗೆ ಗೊತ್ತು.

ಎರಡು ವರ್ಷದ ಕೆಳಗೆ ಅವಳ ಎರಡೂ ಕೆನ್ನೆಗಳ ಮೇಲೆ ಕೆಂಪಗೆ ಗಂಧೆಯಂತೆ ಎದ್ದಿತು. ಕೀಲುಗಳಲ್ಲಿ ನೋವು, ಬಿಟ್ಟು ಬಿಟ್ಟು ಜ್ವರ. ತುಮಕೂರಿನ ವೈದ್ಯರು ಪರೀಕ್ಷೆ ಮಾಡಿಸಿ, ಲೂಪಸ್ ಎಂದು ಹೆಸರು ಹೇಳಿದರು; ಬಿಸಿಲು ತಾಗಿದರೆ ಕೆರಳುವ ಕಾಯಿಲೆಯಂತೆ. ಮಾತ್ರೆ ಬರೆದುಕೊಟ್ಟು, ಬಿಸಿಲಿಗೆ ಹೋಗಬಾರದು ಎಂದರು. ಛತ್ರಿ ಹಿಡಿದು ಹೋಗಬಹುದೇ ಎಂದು ನಾನು ಕೇಳಿದೆ. ಹೊಲದ ಕೆಲಸವನ್ನು ಬಿಟ್ಟೇಬಿಡಬೇಕು ಎಂದರು.

ಅವ್ವ ಬಿಡಲಿಲ್ಲ. ಮುಂದಿನ ಕೊಯ್ಲಿಗೆ ತಲೆಯ ಮೇಲೆ ಸೆರಗು ಹೊದ್ದು ಹೊರಟೇಬಿಟ್ಟಳು. ನಾಲ್ಕನೆಯ ದಿನ ಆಸ್ಪತ್ರೆ ಸೇರಿದಳು. ಇನ್ನೊಮ್ಮೆ ಹೀಗಾದರೆ ಕಿಡ್ನಿಗೆ ಅಪಾಯವಾಗಬಹುದೆಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಲ್ಲಿಂದ ಅವಳನ್ನು ಊರಿಗೆ ಬಿಡದೆ, ನೇರವಾಗಿ ಮಧುಗಿರಿಯ ನನ್ನ ಬಾಡಿಗೆ ಮನೆಗೆ ಕರೆತಂದೆ.

ಬೆಳಗ್ಗೆ ಬಾಗಿಲಿನಿಂದ ನಡುಮನೆಯೊಳಕ್ಕೆ ಬಿಸಿಲಿನ ಒಂದು ಪಟ್ಟಿ ಬೀಳುತ್ತದೆ. ಅವ್ವ ಅದರ ಅಂಚಿಗೆ ಬಂದು ಕೂರುತ್ತಿದ್ದಳು. ಒಳಕ್ಕೆ ಕಾಲಿಡುತ್ತಿರಲಿಲ್ಲ, ನನಗೆ ಮಾತು ಕೊಟ್ಟಿದ್ದಳಲ್ಲ. ಪಟ್ಟಿ ಸರಿದಂತೆ ತಾನೂ ಒಂದು ಗೇಣು ಸರಿಯುತ್ತಿದ್ದಳು. ಹತ್ತು ಗಂಟೆಗೆ ಪಟ್ಟಿ ಹೊಸ್ತಿಲು ದಾಟಿ ಹೋದ ಮೇಲೂ ಅದು ಹೋದ ಕಡೆಗೇ ನೋಡುತ್ತಿದ್ದಳು.

“ಕೈ ಕಟ್ಕಂಡು ಕೂತ್ರೆ ನಾನು ಒಣಗೋಯ್ತೀನಿ ಕಣಮ್ಮ” ಎಂದಳು ಒಂದು ದಿನ. “ನೆಳ್ಳಾಗೆ ಏನು ಬೆಳೀತೈತೆ, ನೀನೇ ಹೇಳು.”

ಓದಿದವಳು ನಾನು. ಪುಸ್ತಕಗಳಲ್ಲಿ ಹುಡುಕಿದೆ.

ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ. ಕಾಲೇಜಿನ ಕೆಲಸದ ಮೇಲೆ ಸಿರಾಕ್ಕೆ ಹೋಗಿ, ಮುಸ್ಸಂಜೆಗೆ ಮರಳುತ್ತಿದ್ದೆ. ಕಿಟಕಿಯ ಪಕ್ಕ ತಲೆಯಾನಿಸಿ ಅರೆನಿದ್ದೆಯಲ್ಲಿದ್ದವಳು ಕಣ್ಣು ತೆರೆದರೆ, ಕತ್ತಲಾಗುತ್ತಿದ್ದ ಬಯಲಿನ ನಡುವೆ ಒಂದು ಹೊಲ ಮಾತ್ರ ಝಗ್ಗನೆ ಬೆಳಗುತ್ತಿತ್ತು. ಸಾಲು ಸಾಲು ಬಲ್ಬುಗಳು. ಯಾರೋ ಮದುವೆಗೆ ಚಪ್ಪರ ಹಾಕಿ, ಜನರನ್ನು ಕರೆಯುವುದನ್ನು ಮರೆತಂತಿತ್ತು. ಅದು ಸೇವಂತಿಗೆ ಹೊಲ. ಗಿಡ ಅವಸರದಲ್ಲಿ ಹೂ ಬಿಡದೆ ಎತ್ತರಕ್ಕೆ ಬೆಳೆಯಲೆಂದು ನಮ್ಮ ಕಡೆ ಹೊತ್ತು ಮುಳುಗಿದ ಮೇಲೆ ಹೀಗೆ ದೀಪ ಹಾಕುವುದುಂಟು. ಎಷ್ಟೋ ಸಲ ನೋಡಿದ್ದೆ. ಅಂದು ಮಾತ್ರ ಬಸ್ಸು ತಿರುವು ದಾಟುವವರೆಗೂ ಕತ್ತು ಹೊರಳಿಸಿ ನೋಡಿದೆ.

ಬಲ್ಬನ್ನು ಸೂರ್ಯನೆಂದು ಸೇವಂತಿಗೆ ನಂಬುವುದಾದರೆ, ಟೊಮೆಟೊ ನಂಬಬಾರದೇಕೆ?

ಇಂಥ ಹೊಲಗಳಿಗೆ ವೈರಿಂಗ್ ಮಾಡುವ ಸಿರಾದ ಅನ್ವರ್ ಸಾಬರನ್ನು ವಿಚಾರಿಸಿದೆ. ಅವರು ಬಂದು ನಮ್ಮ ಸಾಮಾನು ಕೋಣೆಯ ಗೋಡೆಗಳನ್ನು ತಟ್ಟಿ ನೋಡಿದರು. ಕಿಟಕಿಯಿಲ್ಲ. ಸೂರಿನ ಹತ್ತಿರ ಒಂದು ಗವಾಕ್ಷಿ ಮಾತ್ರ. ಸೇವಂತಿಗೆಗೆ ಹಾಕುವ ಬಲ್ಬು ಸಾಲದು, ಟೊಮೆಟೊ ಬೆಳೆಯಬೇಕಾದರೆ ಇನ್ನೂ ಪ್ರಖರವಾದ ಎಲ್‌ಇಡಿ ಪಟ್ಟಿ ಬೇಕೆಂದರು. ನಾನು ಮೊದಲು ವೈದ್ಯರಿಗೆ ಫೋನ್ ಮಾಡಿ ಆ ಬೆಳಕು ಅವ್ವನಿಗೆ ಆಗುತ್ತದೆಯೇ ಎಂದು ಕೇಳಿದೆ. (ಕೇಳಬೇಕಾದ ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಂಡು ಕೇಳಿದೆ. ದೊಡ್ಡವರ ಜೊತೆ ಮಾತನಾಡುವಾಗ ಇಂದಿಗೂ ನನಗೆ ಅದೇ ಅಭ್ಯಾಸ.) ತೀರಾ ಹತ್ತಿರ ಕೂರದಿದ್ದರೆ ಅಡ್ಡಿಯಿಲ್ಲ ಎಂದರು.

ಅನ್ವರ್ ಸಾಬರು ಮತ್ತೊಂದು ಮಾತು ಹೇಳಿದರು: “ಮೇಡಮ್, ಹಗಲಲ್ಲಿ ಹಚ್ಚಬ್ಯಾಡಿ. ಮ್ಯಾಲೆ ಬಿಸಿಲು, ಒಳಗೆ ಲೈಟು, ರೂಮು ತಂದೂರ್ ಆಗೋಗ್ತದೆ. ಕರೆಂಟೂ ಹೋಗಿ ಬಂದು ಮಾಡ್ತದೆ. ಟೈಮರ್ ಹಾಕ್ಕೊಡ್ತೀನಿ. ಸಂಜೆ ಆರಕ್ಕೆ ಹತ್ಕೊಳ್ಲಿ, ಬೆಳಗ್ಗೆ ಆರಕ್ಕೆ ಆರಲಿ.”

ಮಧುಗಿರಿಯ ಬಂಡೆಬೆಟ್ಟದ ಸ್ವಭಾವ ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಅದು ಹಗಲೆಲ್ಲ ಬಿಸಿಲು ಕುಡಿದು, ಸಂಜೆಗೆ ಊರಿನ ಮೇಲೆ ಉಸಿರು ಬಿಡುತ್ತದೆ. ಸರಿ ಎಂದೆ.

ಹೀಗೆ ನಮ್ಮ ಮನೆಯ ಗಿಡಗಳಿಗೆ ರಾತ್ರಿಯೇ ಹಗಲಾಯಿತು, ಹಗಲೇ ರಾತ್ರಿಯಾಯಿತು.

ಅವ್ವ ಮೊದಲು ನಂಬಲಿಲ್ಲ. ಬಕೆಟ್ಟಿನಲ್ಲಿ ಟೊಮೆಟೊ ಬೆಳೆಯುವುದು ಅವಳಿಗೆ ಆಟದ ಸಾಮಾನಿನ ಹಾಗೆ ಕಂಡಿತು. ಆದರೂ ಮಣ್ಣು ಬಂದ ದಿನ ಗೊಬ್ಬರ ಬೆರೆಸಿ, ಮುಷ್ಟಿಯಲ್ಲಿ ಹಿಡಿದು, ಮೂಗಿಗೆ ತಂದು ಮೂಸಿದಳು. ಎಷ್ಟೋ ತಿಂಗಳ ಮೇಲೆ ಅವಳ ಉಗುರಿನ ಸಂದಿಯಲ್ಲಿ ಮಣ್ಣು ಕಂಡಿತು.

ಸಸಿಗಳು ಎದ್ದವು. ಮೊಣಕಾಲೆತ್ತರವಾದವು. ಸೊಂಟದ ಮಟ್ಟಕ್ಕೆ ಬಂದವು. ಪ್ರತಿ ಸಂಜೆ ಆರು ಗಂಟೆಗೆ ಟೈಮರ್ ಟಿಕ್ಕೆನ್ನುತ್ತಿತ್ತು. ಕೋಣೆಯೆಲ್ಲ ಎಳೆ ಗುಲಾಬಿ ಬೆಳಕು ತುಂಬುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಆಮೇಲೆ ಇಬ್ಬರೂ ಆ ಕೋಣೆಯ ಹೊಸ್ತಿಲ ಹೊರಗೆ ಚಾಪೆ ಹಾಸಿ, ಮಡಿಲಲ್ಲಿ ಕೈಯಿಟ್ಟು ಕೂರುತ್ತಿದ್ದೆವು. ಬೆಳಕಿನಲ್ಲಿ ಎಲೆಗಳ ಹಸಿರು ಕಪ್ಪಾಗಿ, ಅಂಚಿನ ನವಿರು ರೋಮಗಳು ಬೆಳ್ಳಗೆ ಹೊಳೆಯುತ್ತಿದ್ದವು. ಟೊಮೆಟೊ ಗಿಡದ ಆ ಒಗರು ವಾಸನೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅವ್ವ ಕಣ್ಣು ಮುಚ್ಚಿ ಅದನ್ನು ಎಳೆದುಕೊಳ್ಳುತ್ತಿದ್ದಳು. ಆಗ ಅವಳು ಎಲ್ಲಿರುತ್ತಿದ್ದಳೆಂದು ನನಗೆ ಗೊತ್ತಾಗುತ್ತಿತ್ತು. ನಾನೂ ಒಮ್ಮೊಮ್ಮೆ ಅಲ್ಲಿಗೆ ಹೋಗಿಬರುತ್ತಿದ್ದೆ. ಸಾಲಿನ ತುದಿಯಲ್ಲಿ ಪುಸ್ತಕ ಹಿಡಿದು ಕೂತ ಹುಡುಗಿಯಾಗಿ.

ಗವಾಕ್ಷಿಯಿಂದ ಹೊರಬೀಳುವ ಬೆಳಕನ್ನು ನೋಡಿ, ಎದುರು ಮನೆಯ ಗೌರಮ್ಮನವರು ಕೋಳಿಮರಿ ಸಾಕಿದ್ದೀರಾ ಎಂದು ಕೇಳಿದರು. ಟೊಮೆಟೊ ಎಂದೆ. ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲವೇ ಎಂದರು. ನ್ಯಾಯವಾದ ಪ್ರಶ್ನೆ.

ಹೂ ಬಂದವು. ಹಳದಿ, ಸಣ್ಣ ಸಣ್ಣ, ತಲೆ ತಗ್ಗಿಸಿದ ಹೂಗಳು. ಆ ವಾರ ಅವ್ವ ಹಾಡು ಗುನುಗಿದ್ದನ್ನು ನಾನು ಕೇಳಿದೆ.

ಮೂರನೆಯ ದಿನಕ್ಕೆ ಹೂಗಳು ಉದುರತೊಡಗಿದವು. ತೊಟ್ಟಿನ ಗಂಟಿನ ಹತ್ತಿರ ಹಳದಿಯಾಗುವುದು, ಬೆಳಗ್ಗೆ ನೋಡಿದರೆ ಬಕೆಟ್ಟಿನ ಮಣ್ಣಿನ ಮೇಲೆ ಬಿದ್ದಿರುವುದು. ಹೊಸ ಗೊಂಚಲು ಬಂದರೆ ಅದೂ ಹಾಗೆಯೇ. ಹೊಲದವರು ಕಾಯಿ ಕಚ್ಚುವುದು ಎನ್ನುತ್ತಾರೆ, ಹೂವು ಕಾಯಿಗೆ ತಿರುಗುವುದನ್ನು. ಒಂದೇ ಒಂದು ಕಾಯಿ ಕಚ್ಚಲಿಲ್ಲ.

ಅವ್ವ ಉದುರಿದ ಹೂಗಳನ್ನು ಅಂಗೈಯಲ್ಲಿ ಹಾಕಿಕೊಂಡು ಎಣಿಸದೆ ಸುಮ್ಮನೆ ನೋಡಿದಳು. ಆಮೇಲೆ ನನ್ನ ಮುಖವನ್ನೂ ಹಾಗೆಯೇ ನೋಡಿದಳು.

“ಬರೀ ಹಸ್ರು ತೋರ್ಸಿ ನನ್ನ ಕೂರ್ಸ್‌ಬ್ಯಾಡ ಕಣಮ್ಮ. ಕಾಯಿ ಕಚ್ಚಿದ್ರೆ ಇರ್ತೀನಿ. ಇಲ್ಲಾಂದ್ರೆ ನನ್ನ ಹೊಲುಕ್ಕೆ ನನ್ನ ಕಳಿಸ್ಬುಡು. ಏನಾಯ್ತದೋ ಅದಾಗ್ಲಿ.”

ಮಾವನ ಹೊಲದಲ್ಲಿ ಕೊಯ್ಲು ಸೋಮವಾರಕ್ಕೆ ಶುರುವಾಗುವುದಿತ್ತು. ಶುಕ್ರವಾರ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವಳ ಬ್ಯಾಗು ತುಂಬಿತ್ತು. ಹಳೆಯ ಎರಡು ಸೀರೆ, ತಲೆಗೆ ಕಟ್ಟುವ ಟವೆಲ್ಲು. ಮಾತ್ರೆಯ ಡಬ್ಬಿಯನ್ನು ಮಾತ್ರ ಕಪಾಟಿನಲ್ಲೇ ಬಿಟ್ಟಿದ್ದಳು. ಹಟ ಹಿಡಿದು ತಡೆಯಬಹುದೇ? ಸಾವಿರಾರು ದಿನ ಬಿಸಿಲಿನಲ್ಲಿ ನಿಂತು ನನ್ನನ್ನು ನೆರಳಿಗೆ ಕಳುಹಿಸಿದವಳನ್ನು, ಯಾವ ಬಾಯಿಯಿಂದ ನಿಲ್ಲು ಎನ್ನಲಿ?

ಶನಿವಾರ ಮಧ್ಯಾಹ್ನ ಕಾಲೇಜಿನ ಗ್ರಂಥಾಲಯದಲ್ಲಿ ಕೂತು, ಬೆಳಕಿನ ಲೆಕ್ಕ, ಗೊಬ್ಬರದ ಲೆಕ್ಕ, ಎಲ್ಲವನ್ನೂ ಮತ್ತೆ ಓದಿದೆ. ಎಲ್ಲವೂ ಸರಿಯಾಗಿತ್ತು. ಕೊನೆಗೆ ಒಂದು ಕಡೆ, ಇದು ಎಲ್ಲರಿಗೂ ಗೊತ್ತಿರುವುದೇ ಎಂಬಂತೆ ಎರಡು ಸಾಲು ಬರೆದಿದ್ದರು. ಟೊಮೆಟೊ ಹೂವು ಅಲುಗಾಡಬೇಕು. ಅಲುಗಾಡಿದರೆ ಒಳಗಿನ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಹೊರಗೆ ಗಾಳಿಯೂ ದುಂಬಿಯೂ ಆ ಕೆಲಸ ಮಾಡುತ್ತವೆ. ಮನೆಯೊಳಗಾದರೆ ನಾವೇ ದಿನಕ್ಕೊಮ್ಮೆ ಗಿಡವನ್ನು ಮೆಲ್ಲಗೆ ಅಲುಗಿಸಬೇಕು. (ವಿದ್ಯುತ್ ಟೂತ್‌ಬ್ರಷ್ ತಾಗಿಸಿ ಎಂಬ ಸಲಹೆಯೂ ಇತ್ತು. ನಮ್ಮ ಮನೆಯಲ್ಲಿರುವುದು ಸಾಧಾರಣ ಬ್ರಷ್.)

ಓಡಿ ಮನೆಗೆ ಬಂದೆ. ಆರು ದಾಟಿತ್ತು, ದೀಪ ಹಚ್ಚಿಯಾಗಿತ್ತು. ನೀನು ಈ ಗಿಡಗಳನ್ನು ಯಾವತ್ತಾದರೂ ಅಲುಗಿಸಿದ್ದೀಯಾ ಎಂದು ಅವ್ವನನ್ನು ಕೇಳಿದೆ. ಸಸಿ ನೆಟ್ಟು ಕೋಲು ಹುಗಿದ ದಿನ ಬಿಟ್ಟರೆ ಮುಟ್ಟಿಯೇ ಇಲ್ಲ ಎಂದಳು. ನೀರನ್ನು ಕೂಡ ಬುಡಕ್ಕೆ ಮಾತ್ರ ಬಿಡುತ್ತಿದ್ದಳಂತೆ, ಎಲೆಗೆ ಕೈ ತಗುಲದ ಹಾಗೆ. ಹೊಲದಲ್ಲಿ ದಿನವಿಡೀ ಮುಟ್ಟುತ್ತಿದ್ದವಳು ಇಲ್ಲೇಕೆ ಮುಟ್ಟಲಿಲ್ಲ?

“ಹೆಂಗೆ ಮುಟ್ಲಿ? ಹಗಲೊತ್ತು ಅವು ಕತ್ಲಾಗೆ ಮಲಗಿರ್ತವೆ. ಮಲಗಿರೋವ್ನ ಎಬ್ಬುಸ್ತಾರಾ? ಇನ್ನ ಸಂಜೆ ದೀಪ ಹಚ್ಚಿದ ಮ್ಯಾಲೆ ಗಿಡ ಮುಟ್ಟಾದುಂಟಾ?”

ನನಗೆ ನಗು ಬರಲಿಲ್ಲ. ಏಕೆಂದರೆ ನಾನೂ ಮುಟ್ಟಿರಲಿಲ್ಲ. ಸಂಜೆ ಐದೂವರೆಗೆ ಮನೆ ಸೇರುವವಳು ನಾನು; ಕೈಕಾಲು ತೊಳೆಯುವಷ್ಟರಲ್ಲಿ ದೀಪದ ಹೊತ್ತು. ಹೊತ್ತು ಮುಳುಗಿದ ಮೇಲೆ ಗಿಡಗಳು ಮಲಗುತ್ತವೆ, ಎಲೆ ಕೀಳಬಾರದು, ಮೈ ಮುಟ್ಟಬಾರದು ಎಂದು ಚಿಕ್ಕಂದಿನಲ್ಲಿ ಅವ್ವನೇ ಕಲಿಸಿದ್ದಳು. ಎಂ.ಎ. ಓದಿಯೂ ದೀಪ ಹಚ್ಚಿದ ಮೇಲೆ ನಾನು ಒಂದು ಎಸಳು ಕರಿಬೇವು ಕಿತ್ತವಳಲ್ಲ. ಹಗಲು ಮಲಗಿವೆಯೆಂದು ಮುಟ್ಟದೆ, ಸಂಜೆ ಮಲಗಬೇಕಾದ ಹೊತ್ತೆಂದು ಮುಟ್ಟದೆ, ತಾಯಿ ಮಗಳು ಸೇರಿ ಆರು ಗಿಡಗಳನ್ನು ಎಷ್ಟು ಪ್ರೀತಿಯಿಂದ ಬಂಜೆ ಮಾಡಿದ್ದೆವು!

ಇನ್ನೂ ನಾಲ್ಕು ಗೊಂಚಲು ಹೂ ಉಳಿದಿತ್ತು. ನಾನು ಒಳಗೆ ಹೋಗಿ ಕೈ ಚಾಚಿದೆ. ಅವ್ವ ಮಣಿಕಟ್ಟು ಹಿಡಿದಳು. ಆ ಹಿಡಿತದಲ್ಲಿ ಅವಳ ಅವ್ವ ಇದ್ದಳು, ಅವಳ ಅಜ್ಜಿ ಇದ್ದಳು. ಬಿಡಿಸಿಕೊಳ್ಳುವ ಶಕ್ತಿ ನನಗಿತ್ತು. ಬಿಡಿಸಿಕೊಳ್ಳಲಾಗಲಿಲ್ಲ.

ಅಂದು ಊಟದ ಹೊತ್ತಿನಲ್ಲಿ ಅವಳು ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ಏನನ್ನೋ ತೂಗುತ್ತಿದ್ದಳು.

ಭಾನುವಾರ ಬೆಳಗ್ಗೆ ಎಣ್ಣೆಯ ವಾಸನೆಗೆ ನನಗೆ ಎಚ್ಚರವಾಯಿತು. ಎದ್ದು ಬಂದು ನೋಡಿದರೆ ಅವ್ವ ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು, ಸಾಮಾನು ಕೋಣೆಯ ಹೊಸ್ತಿಲಲ್ಲಿ ಒಂದು ಮಣ್ಣಿನ ಹಣತೆ ಹಿಡಿದು ನಿಂತಿದ್ದಳು. ಟೈಮರ್ ಟಿಕ್ಕೆಂದಿತು. ಗುಲಾಬಿ ಬೆಳಕು ಆರಿತು. ಬೀದಿಯಲ್ಲಿ ಬೆಳಗಾಗುತ್ತಿತ್ತು, ಆ ಕೋಣೆಯಲ್ಲಿ ಕತ್ತಲಾಯಿತು. ಆ ಕತ್ತಲಿಗೆ ಅವ್ವ ಹಣತೆ ಹಚ್ಚಿಟ್ಟಳು. ಕೈ ಮುಗಿದಳು.

“ಇವುಕ್ಕೆ ಈಗ ಮುಸ್ಸಂಜೆ” ಎಂದಳು. “ದೀಪ ಹಚ್ಚಿವ್ನಿ. ಇನ್ನ ಮಲೀಕಳ್ಳಲಿ.”

ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ನಿಯಮವನ್ನು ಅವಳು ಮುರಿದಿರಲಿಲ್ಲ. ಗಡಿಯಾರದಿಂದ ಬಿಡಿಸಿ ಗಿಡದ ಪಕ್ಕಕ್ಕೆ ತಂದಿಟ್ಟಿದ್ದಳು. ಇಷ್ಟು ಸರಳವಾದ ದಾರಿ, ವಾದ ಮಾಡುವುದನ್ನೇ ಕಲಿತ ನನಗೆ ಹೊಳೆಯಲಿಲ್ಲವಲ್ಲ?

ಸಂಜೆ ಆರಕ್ಕೆ ಬೆಳಕು ಬಂದಾಗ ಅವಳು ದೇವರಿಗೆ ದೀಪ ಹಚ್ಚಿದಳು, ಎಂದಿನಂತೆ. ಅದು ನಮ್ಮ ಸಂಜೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡಗಳ ಕಡೆ ಬಂದಳು. ಮುಟ್ಟು ಎಂದೆ. ಇನ್ನೂ ಎಳೆ ಬಿಸಿಲು, ಹೊತ್ತೇರಲಿ ಎಂದಳು. ಎಂಟು ಗಂಟೆಯವರೆಗೆ ಕಾದೆವು. ಊರಿಗೆಲ್ಲ ಕತ್ತಲಾಗಿದ್ದಾಗ, ನಮ್ಮ ಮನೆಯ ಒಂದು ಮೂಲೆಯಲ್ಲಿ ನಿಧಾನವಾಗಿ ಹೊತ್ತೇರಿತು.

ಅವ್ವ ಒಂದೊಂದು ಗಿಡದ ಆಸರೆಯ ಕೋಲನ್ನೂ ಎಡಗೈಯಲ್ಲಿ ಹಿಡಿದು, ಬಲಗೈಯ ಗೆಣ್ಣಿನಿಂದ ತಟ್ಟಿದಳು, ಸಂತೆಯಲ್ಲಿ ಮಡಕೆ ಕೊಳ್ಳುವವರು ತಟ್ಟುವ ಹಾಗೆ. ಗೊಂಚಲುಗಳು ನಡುಗಿದವು. ಬೆಳಕಿನಲ್ಲಿ ಹಳದಿ ಧೂಳು, ಇದ್ದೂ ಇಲ್ಲದ ಹಾಗೆ, ಒಂದು ಕ್ಷಣ ತೇಲಿತು. ತನಗೆ ಇದು ಮೊದಲೇ ಹೊಳೆಯಬೇಕಿತ್ತು ಎಂದು ಅವಳು ಹೇಳಿಕೊಂಡಳು. ಹೊಲದಲ್ಲಿ ಓಡಾಡುವ ದಾರಿಯ ಪಕ್ಕದ ಸಾಲಿನಲ್ಲೇ ಕಾಯಿ ಹೆಚ್ಚಂತೆ; ಹೆಂಗಸರ ಸೆರಗು ತಾಗುತ್ತದಲ್ಲ, ಅದಕ್ಕೆ. ಮೂವತ್ತು ವರ್ಷ ಅವಳು ಬರೀ ನಡೆದಾಡಿಯೇ ಎಷ್ಟು ಹೂಗಳನ್ನು ಕಾಯಿ ಮಾಡಿದ್ದಳೋ!

ಸೋಮವಾರ ಬ್ಯಾಗು ಬಾಗಿಲ ಬಳಿಯೇ ಇತ್ತು. ಒಂದು ವಾರ ನೋಡುತ್ತೇನೆಂದು ಮಾವನಿಗೆ ಫೋನಿನಲ್ಲಿ ಹೇಳಿದಳು. ಆ ವಾರ ನಾನು ತರಗತಿಯಲ್ಲಿ ಬೇಡಿಕೆಯ ನಿಯಮ ಹೇಳಿಕೊಡುತ್ತ ನಡುನಡುವೆ ಮಾತು ಮರೆತೆ.

ಎಂಟನೆಯ ದಿನ, ಒಣಗಿದ ಹೂವಿನ ಟೋಪಿ ಹೊತ್ತ ಒಂದು ಹಸಿರು ಮಣಿ. ಕೊತ್ತಂಬರಿ ಬೀಜದಷ್ಟು. ಪಕ್ಕದಲ್ಲಿ ಇನ್ನೊಂದು. ಬೇರೆ ಗಿಡದಲ್ಲಿ ಮೂರು.

ಅವ್ವ ಮಾವನಿಗೆ ಫೋನ್ ಹಚ್ಚಿಕೊಡು ಎಂದಳು. “ಬರಾಕಾಗಲ್ಲ ಕಣ್ಲಾ. ನಿನ್ನ ಹೊಲ ನೀನು ನೋಡ್ಕ. ಇಲ್ಲಿ ನಂದು ಕಾಯಿ ಕಚ್ಚೈತೆ.” ಫೋನ್ ನನಗೆ ಕೊಟ್ಟು, ಕಪಾಟು ತೆರೆದು, ಆ ದಿನದ ಮಾತ್ರೆ ನುಂಗಿದಳು.

ಇಲ್ಲಿಗೆ ಈ ಬರಹ ಮುಗಿಯಬೇಕಿತ್ತು. ಆದರೆ ಈ ಗುರುವಾರ ಮತ್ತೊಂದು ನಡೆಯಿತು.

ಸೂರ್ಯ ಮುಳುಗಿದ ಮೇಲೆ ಎಷ್ಟು ಬೇಕಾದರೂ ಹೊರಗೆ ಓಡಾಡಬಹುದೆಂದು ವೈದ್ಯರು ಮೊದಲ ದಿನವೇ ಹೇಳಿದ್ದರು. ಅವ್ವ ಒಂದು ದಿನವೂ ಹೋಗಿರಲಿಲ್ಲ. ಗಂಡನಿಲ್ಲದ ಹೆಂಗಸು ದೀಪ ಹಚ್ಚಿದ ಮೇಲೆ ಒಬ್ಬಳೇ ಹೊಸ್ತಿಲು ದಾಟಿದರೆ ಜನ ಏನೆಂದುಕೊಂಡಾರು ಎಂಬ ಅಳುಕು. ಹಗಲು ವೈದ್ಯರು ಬೇಡವೆಂದರು. ಸಂಜೆ ಬೀದಿ ಬೇಡವೆಂದಿತು. ಎರಡರ ನಡುವೆ ಅವಳು ಒಳಗೇ ಉಳಿದಿದ್ದಳು. ನಾನು ಅದನ್ನು ಕಾಯಿಲೆಯ ಭಾಗವೆಂದೇ ತಿಳಿದಿದ್ದೆ.

ಗುರುವಾರ ಸಂಜೆ ಅವಳು ದೀಪ ಹಚ್ಚಿದಳು. ಗಿಡಗಳನ್ನು ಒಮ್ಮೆ ಇಣುಕಿ ನೋಡಿದಳು. ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಪ್ಪಲಿ ಮೆಟ್ಟಿದಳು. ಜೊತೆಗೆ ಬರಲೇ ಎಂದು ಕೇಳಿದ್ದಕ್ಕೆ ಬೇಡವೆಂದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಾವು ಇಳಿಯುತ್ತಿದ್ದ ಬೀದಿಗೆ ಬೆಟ್ಟದ ಬೆಚ್ಚನೆಯ ಗಾಳಿ ಬರುತ್ತಿತ್ತು. ಅವಳ ಸೆರಗು ಅಲುಗಾಡಿತು.

ಜಗಲಿಯ ಮೇಲೆ ಕೂತಿದ್ದ ಗೌರಮ್ಮನವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೀಪ ಹಚ್ಚಿದ ಮೇಲೆ ಒಬ್ಬರೇ ಎಲ್ಲಿಗೆ ಹೊರಟಿರಿ ಎಂದು ಕೇಳಿದರು.

“ನಂಗೆ ಈಗ್ಲೇ ಹೊತ್ತು ಹುಟ್ಟಾದು ಕಣಮ್ಮ” ಎಂದು ಅವ್ವ ನಿಲ್ಲದೆ ನಡೆದಳು.

ಒಬ್ಬ ಹೆಂಗಸಿನ ಹಗಲು ಎಷ್ಟು ಗಂಟೆಗೆ ಮುಗಿಯಬೇಕೆಂದು ನಮ್ಮ ಬೀದಿಗಳು ಯಾರನ್ನು ಕೇಳಿ ತೀರ್ಮಾನಿಸಿದವು?